ಬ್ರೆಸ್ಟ್ ದಾರಿಯಲ್ಲಿ ಎಂಟನೇ ತಿಂಗಳು

ಮೇರಿ ಕ್ಯೂರಿ ಅಂದ್ರೆ ನಮಗೆಲ್ಲ ಗೊತ್ತಿರೋದು ಲ್ಯಾಬ್ ಗೋಡೆ ಮೇಲಿನ ಫೋಟೋ. ಕಪ್ಪು ಉಡುಪು, ನಗದ ಮುಖ, ಎರಡು ನೊಬೆಲ್. ಆದ್ರೆ ಈಕೆ ಜಬರ್ದಸ್ತ್ ಸೈಕಲ್ ಸವಾರರೂ ಹೌದು.

ಹುಟ್ಟಿದ್ದು 1867ರಲ್ಲಿ, ವಾರ್ಸಾದಲ್ಲಿ. ಆಗ ಅಲ್ಲಿ ರಷ್ಯಾದ ಆಳ್ವಿಕೆ, ಯೂನಿವರ್ಸಿಟಿಗೆ ಹೆಣ್ಣುಮಕ್ಕಳಿಗೆ ಪ್ರವೇಶ ಇಲ್ಲ. ಅಕ್ಕ ಬ್ರೋನ್ಯಾ ಜೊತೆ ಒಂದು ಒಪ್ಪಂದ ಆಯ್ತು: ತಂಗಿ ಶ್ರೀಮಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಅಕ್ಕನ ಡಾಕ್ಟರ್ ಓದಿಗೆ ಹಣ ಕಳಿಸೋದು, ಆಮೇಲೆ ಅಕ್ಕ ತಂಗಿಯನ್ನು ಓದಿಸೋದು. ಹಾಗೆ ವರ್ಷಗಟ್ಟಲೆ ಕಾದು 1891ರಲ್ಲಿ ಮೇರಿ ಪ್ಯಾರಿಸ್ ಮುಟ್ಟಿದರು. 1893ರಲ್ಲಿ ಭೌತಶಾಸ್ತ್ರದ ಪದವಿ, ಮೊದಲ ಸ್ಥಾನ.

1895ರ ಜುಲೈ 26ಕ್ಕೆ ಪಿಯರ್ ಕ್ಯೂರಿ ಜೊತೆ ಮದುವೆ. ಉಂಗುರ ಇಲ್ಲ, ಪುರೋಹಿತರಿಲ್ಲ. ಮದುವೆ ಬಟ್ಟೆಯೂ ಮುಂದೆ ಲ್ಯಾಬಿಗೆ ಹಾಕ್ಕೊಂಡು ಹೋಗೋಕೆ ಬರುವಂಥ ಕಡುನೀಲಿಯದು. ನೆಂಟರೊಬ್ಬರು ಉಡುಗೊರೆ ಕೊಟ್ಟ ಹಣದಲ್ಲಿ ಎರಡು ಸೈಕಲ್ ಕೊಂಡು ಇಬ್ಬರೂ ಊರೂರು ಸುತ್ತಿದರು. ದಾರಿಯಲ್ಲಿ ಬ್ರೆಡ್ಡು, ಚೀಸು, ಹಣ್ಣು. ರಾತ್ರಿ ಸಿಕ್ಕ ಊರಲ್ಲಿ ವಸತಿ. ಕೊನೆಗೆ ಶಾಂತಿಯಿ ಹತ್ತಿರದ ಒಂದು ತೋಟದ ಮನೆಗೆ ಬಂದರೆ ಅಲ್ಲಿ ಮೇರಿಯ ಅಪ್ಪ, ಅಕ್ಕಂದಿರು, ಭಾವ ಎಲ್ಲ ಕಾಯ್ತಾ ಇದ್ದರು. ಹನಿಮೂನಿಗೆ ಬೀಗರ ದಂಡು! ನಮ್ಮವರೇ ಅನ್ನಿಸೋದು ಇಂಥಲ್ಲೇ.

ಆ ಸೈಕಲ್ ಎಂಥದು ಅಂತ ನಾವು ಇಂಜಿನಿಯರಿಂಗಿನವರು ಕೇಳಲೇಬೇಕಲ್ಲ. ಡನ್ಲಪ್ ಗಾಳಿ ಟೈರು ಬಂದು ಇನ್ನೂ ಏಳೆಂಟು ವರ್ಷ. ಗೇರ್ ಬದಲಿಸೋ ಮಾತಿಲ್ಲ. ಆಗಿನ ಸಾಮಾನ್ಯ ಸೈಕಲ್ಲಿಗೆ ಫ್ರೀವೀಲ್ ಕೂಡ ಇರಲಿಲ್ಲ, ಚಕ್ರ ತಿರುಗಿದಷ್ಟೂ ಪೆಡಲ್ ತಿರುಗುತ್ತೆ, ಅಂದ್ರೆ ಇಳಿಜಾರಲ್ಲೂ ಕಾಲಿಗೆ ಬಿಡುವಿಲ್ಲ. ಮೇಲೆ ಕಚ್ಚಾ ರಸ್ತೆ. ನಮ್ಮ ಕಲ್ಲೂರು ಕಡೆ ಎರೆಹೊಲದ ದಾರಿಯಲ್ಲಿ ಮಳೆ ಬಂದ ಮರುದಿನ ಸೈಕಲ್ ಹತ್ತಿದವರಿಗೆ ಹೇಳೋದೇ ಬೇಡ: ಮಡ್ಗಾರ್ಡ್ ಒಳಗೆ ಮಣ್ಣು ಮೆತ್ತಿ, ಸೈಕಲ್ಲೇ ನಮ್ಮ ಹೆಗಲೇರುತ್ತೆ.

ಈಗ 1897ರ ಬೇಸಿಗೆ. ಮೇರಿ ತುಂಬು ಗರ್ಭಿಣಿ. ಬ್ರಿಟನಿ ಕರಾವಳಿಯ ಪೋರ್ ಬ್ಲಾಂಕ್ ಎಂಬ ಪುಟ್ಟ ಊರಿಗೆ ಅಪ್ಪನ ಜೊತೆ ವಿಶ್ರಾಂತಿಗೆ ಬಂದಿದ್ದರು. ಪಿಯರ್ ಪ್ಯಾರಿಸ್‌ನಲ್ಲಿ ಪಾಠ ಮುಗಿಸಿ ಆಗಸ್ಟ್‌ನಲ್ಲಿ ಬಂದು ಸೇರಿದರು. ವಿಶ್ರಾಂತಿ ಅಲ್ಲಿಗೆ ಮುಗೀತು. ಇಬ್ಬರೂ ಬ್ರೆಸ್ಟ್ ಕಡೆ ಸೈಕಲ್ ಏರಿದರು. ನೂರು ಕಿಲೋಮೀಟರಿಗೂ ಮೀರಿದ ದಾರಿ, ಎಂಟನೇ ತಿಂಗಳು, ದಿನದ ಸವಾರಿಯೂ ಎಂದಿನಷ್ಟೇ ಉದ್ದ! ಆಯಾಸವೇ ಇಲ್ಲ ಅಂತ ಮೇರಿಯ ವಾದ. ಪಿಯರ್ ಅದನ್ನು ನಂಬಿಬಿಟ್ಟರು. ಇಷ್ಟು ದೊಡ್ಡ ವಿಜ್ಞಾನಿ ಇಷ್ಟು ಸಣ್ಣ ಲೆಕ್ಕ ತಪ್ಪಿದರಲ್ಲ ಅಂತ ನನಗೆ ಈಗಲೂ ಸಿಟ್ಟು ಬರುತ್ತೆ. ಕೊನೆಗೆ ಮೈ ಕೇಳಲಿಲ್ಲ. ಪ್ರವಾಸ ಮೊಟಕು ಮಾಡಿ ಪ್ಯಾರಿಸ್‌ಗೆ ವಾಪಸು.

ಸೆಪ್ಟೆಂಬರ್ 12ಕ್ಕೆ ಐರೀನ್ ಹುಟ್ಟಿದಳು. ಹೆರಿಗೆ ಮಾಡಿಸಿದ್ದು ಬೇರಾರೂ ಅಲ್ಲ, ಪಿಯರ್ ಅಪ್ಪ, ಡಾಕ್ಟರ್ ಯೂಜೀನ್ ಕ್ಯೂರಿ. ಕೆಲವೇ ದಿನಗಳಲ್ಲಿ ಅವರ ಹೆಂಡತಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ದುಃಖದಲ್ಲಿದ್ದ ಮುದುಕಪ್ಪ ಮಗ-ಸೊಸೆಯ ಜೊತೆ ಇರಲು ಬಂದು ಮೊಮ್ಮಗಳನ್ನು ಎತ್ತಿಕೊಂಡರು. ಅದೇ ಡಿಸೆಂಬರ್‌ನಲ್ಲಿ ಮೇರಿ ಯುರೇನಿಯಂ ಕಿರಣಗಳ ಮೇಲೆ ಪ್ರಯೋಗ ಶುರು ಮಾಡಿದರು. ಕೂಸಿಗೆ ಇನ್ನೂ ಮೂರು ತಿಂಗಳು. ಮನೆಯಲ್ಲಿ ಆ ಮಾವ ಇಲ್ಲದಿದ್ದರೆ ಸೊಸೆಗೆ ಲ್ಯಾಬ್ ಸಿಗ್ತಿತ್ತಾ? 1898ರ ಜುಲೈನಲ್ಲಿ ಪೊಲೋನಿಯಂ. ಆ ಬೇಸಿಗೆಯಲ್ಲೇ ಮತ್ತೆ ಸೈಕಲ್, ಈ ಸಲ ಓವರ್ನ್ಯದ ಗುಡ್ಡಗಳು. ಡಿಸೆಂಬರ್‌ನಲ್ಲಿ ರೇಡಿಯಂ.

1903ರ ನೊಬೆಲ್ ನಿಮಗೆ ಗೊತ್ತು. 1906ರ ಏಪ್ರಿಲ್ 19, ಮಳೆಯ ದಿನ, ಪ್ಯಾರಿಸ್ ಬೀದಿಯಲ್ಲಿ ಕುದುರೆ ಗಾಡಿಯ ಚಕ್ರಕ್ಕೆ ಸಿಕ್ಕಿ ಪಿಯರ್ ತೀರಿಕೊಂಡರು. ಮೇರಿಗೆ 38, ಎರಡನೇ ಮಗಳು ಈವ್‌ಗೆ ಇನ್ನೂ ಎರಡು ತುಂಬಿರಲಿಲ್ಲ. ಮಗನೇ ಹೋದ ಮೇಲೂ ಆ ಮಾವ ಸೊಸೆಯ ಮನೆ ಬಿಟ್ಟು ಹೋಗಲಿಲ್ಲ. 1910ರಲ್ಲಿ ತಾವು ಸಾಯುವತನಕ ಮೊಮ್ಮಕ್ಕಳ ಜೊತೆಗೇ ಇದ್ದರು. ಮರುವರ್ಷ ಮೇರಿಗೆ ಎರಡನೇ ನೊಬೆಲ್ ಬಂತು. ಅದನ್ನು ತರಲು ಸ್ಟಾಕ್‌ಹೋಮ್‌ಗೆ ಹೋದಾಗ ಜೊತೆಗಿದ್ದವರು ಅಕ್ಕ ಬ್ರೋನ್ಯಾ ಮತ್ತು ಹದಿನಾಲ್ಕರ ಐರೀನ್, ಬ್ರೆಸ್ಟ್ ದಾರಿಯಲ್ಲಿ ಅಮ್ಮನ ಹೊಟ್ಟೆಯಲ್ಲಿದ್ದ ಹುಡುಗಿ.