ನಗೆಗೆ ಅಂಜಿದ ಬಾಲಕ

ರಾಜಕೋಟೆಯ ಶಾಲೆಯಲ್ಲಿ ಮೋಹನದಾಸನೆಂಬ ಬಾಲಕನಿದ್ದನು. ಶಾಲೆ ಬಿಟ್ಟೊಡನೆ ಮನೆಗೆ ಓಡಿಬಿಡುವುದು ಅವನ ರೂಢಿ. ಯಾರಾದರೂ ಮಾತಿಗೆಳೆದು ಅಪಹಾಸ್ಯ ಮಾಡಿಯಾರೆಂಬ ಅಂಜಿಕೆಯೇ ಅದಕ್ಕೆ ಕಾರಣ.

1888ರಲ್ಲಿ ಬ್ಯಾರಿಸ್ಟರ್ ಆಗಲೆಂದು ಲಂಡನ್ನಿಗೆ ಹೊರಟಾಗ ಈ ಸಂಕೋಚವೂ ಜೊತೆಗೇ ಹೋಯಿತು. ಅಲ್ಲಿಯ ಸಸ್ಯಾಹಾರಿ ಸಂಘದ ಕಾರ್ಯಸಮಿತಿಗೆ ಸೇರಿದರೂ ಸಭೆಯಲ್ಲಿ ಬಾಯಿ ಬರುತ್ತಿರಲಿಲ್ಲ. ಅಭಿಪ್ರಾಯಭೇದಕ್ಕಾಗಿ ಸದಸ್ಯರೊಬ್ಬರನ್ನು ಹೊರಹಾಕುವುದು ಅನ್ಯಾಯವೆಂದು ಬರೆದು ತಂದರು. ಓದಲು ಧೈರ್ಯ ಸಾಲದಾಗ ಅಧ್ಯಕ್ಷರು ಅದನ್ನು ಬೇರೆಯವರಿಂದ ಓದಿಸಿದರು. 1891ರಲ್ಲಿ ತಾವೇ ಏರ್ಪಡಿಸಿದ ಬೀಳ್ಕೊಡುಗೆಯ ಔತಣದಲ್ಲಿ ಮೊದಲ ವಾಕ್ಯಕ್ಕೇ ಮಾತು ಮರೆತುಹೋಯಿತು.

ಸ್ವದೇಶಕ್ಕೆ ಮರಳಿದ ಮೇಲೆ ಮುಂಬಯಿಯ ಲಘುವ್ಯಾಜ್ಯ ನ್ಯಾಯಾಲಯದಲ್ಲಿ ಪಾಟೀಸವಾಲಿಗೆ ಎದ್ದು ನಿಂತರು. ತಲೆ ಸುತ್ತಿತು, ಪ್ರಶ್ನೆಯೊಂದೂ ಹೊಳೆಯಲಿಲ್ಲ. 30 ರೂಪಾಯಿಯ ಶುಲ್ಕವನ್ನು ಹಿಂದಿರುಗಿಸಿ ಹೊರಬಂದರು.

1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದಾಗ, ಬಣ್ಣದ ಕಾರಣದಿಂದ ಅವರನ್ನು ರೈಲುಗಾಡಿಯಿಂದ ಹೊರದಬ್ಬಲಾಯಿತು. ಈ ಅವಮಾನ ತಮ್ಮೊಬ್ಬರದಲ್ಲ, ಅಲ್ಲಿಯ ಭಾರತೀಯರೆಲ್ಲರದು ಎಂದು ಅವರು ಕಂಡುಕೊಂಡರು. ಪ್ರಿಟೋರಿಯದಲ್ಲಿ ಅವರನ್ನೆಲ್ಲ ಸೇರಿಸಿ ಮಾತನಾಡಿದರು. ಈ ಸಲ ನಾಲಗೆ ತಡೆಯಲಿಲ್ಲ. ಪರರ ಕಷ್ಟ ಮನಸ್ಸನ್ನು ತುಂಬಿದಾಗ ತಮ್ಮ ಅಂಜಿಕೆಗೆ ಅಲ್ಲಿ ಎಡೆಯಿರಲಿಲ್ಲ.

ಸಂಕೋಚವು ಪೂರ್ತಿ ತೊಲಗಲಿಲ್ಲ; ಅದೇ ಮಿತಭಾಷೆಯನ್ನು ಕಲಿಸಿತೆಂದು ಮಹಾತ್ಮ ಗಾಂಧಿಯವರು ಆತ್ಮಕಥೆಯಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ. ಬರೆದುದನ್ನು ಓದಲೂ ಅಂಜಿದ ಆ ತರುಣರೇ 1924ರಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು.

ನಮ್ಮ ತರಗತಿಯಲ್ಲಿಯೂ ಎದ್ದು ನಿಂತು ತಡವರಿಸುವ ಗೆಳೆಯರುಂಟು. ನಗು ತುಟಿಗೆ ಬರುವ ಮುನ್ನ ಶಾಲೆಯಿಂದ ಮನೆಗೋಡಿದ ಆ ಬಾಲಕನನ್ನು ನಾವು ನೆನೆಯೋಣ.