ಹೋಮಿ ಜಹಾಂಗೀರ್ ಭಾಭಾ

ಭಾರತದಲ್ಲಿ ಪರಮಾಣು ವಿಜ್ಞಾನಕ್ಕೆ ಭದ್ರವಾದ ತಳಹದಿ ಹಾಕಿದವರು ಡಾ. ಹೋಮಿ ಜಹಾಂಗೀರ್ ಭಾಭಾ. ಅವರು 1909ರ ಅಕ್ಟೋಬರ್ 30ರಂದು ಮುಂಬಯಿಯ ಸುಸಂಸ್ಕೃತ ಪಾರ್ಸಿ ಮನೆತನದಲ್ಲಿ ಜನಿಸಿದರು. ಅವರ ಅಜ್ಜ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಉನ್ನತಾಧಿಕಾರಿಗಳಾಗಿದ್ದರು. ಹೀಗೆ ಕನ್ನಡ ನಾಡಿನೊಡನೆ ಆ ಮನೆತನದ ನಂಟು ಹಳೆಯದು.

ಮಗನು ಇಂಜಿನಿಯರ್ ಆಗಬೇಕೆಂಬುದು ತಂದೆಯ ಬಯಕೆ. ಅದರಂತೆ ಭಾಭಾ 1927ರಲ್ಲಿ ಕೇಂಬ್ರಿಜ್‌ಗೆ ತೆರಳಿದರು. ಆದರೆ ಅವರ ಮನಸ್ಸು ಭೌತವಿಜ್ಞಾನಕ್ಕೆ ಒಲಿದಿತ್ತು. ಆದರೂ ತಂದೆಯ ಮಾತನ್ನು ಮೀರದೆ, 1930ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿ, ಅನಂತರವೇ ತಮಗೆ ಪ್ರಿಯವಾದ ಶಾಸ್ತ್ರವನ್ನು ಕೈಗೆತ್ತಿಕೊಂಡರು. 1937ರಲ್ಲಿ ಹೈಟ್ಲರ್ ಎಂಬ ವಿಜ್ಞಾನಿಯೊಡಗೂಡಿ ಅವರು ಮಂಡಿಸಿದ ಸಿದ್ಧಾಂತವು ಲೋಕವಿಖ್ಯಾತವಾಯಿತು. ಅತಿ ಪ್ರಬಲವಾದ ಗ್ಯಾಮಾ ಕಿರಣವು ವಸ್ತುವನ್ನು ಹೊಕ್ಕಾಗ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳ ಜೋಡಿ ಹುಟ್ಟುತ್ತದೆ. ಅವು ಮತ್ತೆ ಗ್ಯಾಮಾ ಕಿರಣಗಳನ್ನು ಹೊಮ್ಮಿಸುತ್ತವೆ. ಹೀಗೆ ಒಂದು ಹಲವಾಗಿ ಕಣಗಳ ಮಳೆಯೇ ಸುರಿಯುತ್ತದೆ ಎಂದು ಅವರು ತೋರಿಸಿಕೊಟ್ಟರು.

1939ರಲ್ಲಿ ಭಾಭಾ ರಜೆಗೆಂದು ಸ್ವದೇಶಕ್ಕೆ ಬಂದಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ಮರಳುವ ದಾರಿ ಮುಚ್ಚಿತು. ಅವರು ಸರ್ ಸಿ. ವಿ. ರಾಮನ್ ಅವರಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ ವಿಶ್ವಕಿರಣಗಳ ಸಂಶೋಧನೆಗೆ ತೊಡಗಿದರು. ಯುದ್ಧ ಮುಗಿದೊಡನೆ ವಿದೇಶಕ್ಕೆ ಹೋಗುವ ಆಲೋಚನೆ ಅವರಲ್ಲಿತ್ತು. ಬೆಂಗಳೂರಿನ ವಾಸ ಆ ಆಲೋಚನೆಯನ್ನು ಬದಲಿಸಿತು. ತಾಯ್ನಾಡಿನಲ್ಲಿಯೇ ಉನ್ನತ ವಿಜ್ಞಾನವನ್ನು ಬೆಳೆಸುವುದು ತಮ್ಮ ಕರ್ತವ್ಯವೆಂದು ಅವರು ನಿರ್ಧರಿಸಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿ ಕಣ್ತೆರೆದು, ಅದೇ ವರ್ಷ ಮುಂಬಯಿಗೆ ಸಾಗಿತು. 1948ರಲ್ಲಿ ಅವರು ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು.

ಮುಂಬಯಿ ಬಳಿಯ ಟ್ರಾಂಬೆಯಲ್ಲಿ 1956ರಲ್ಲಿ ಅಪ್ಸರಾ, 1960ರಲ್ಲಿ ಸೈರಸ್ ಎಂಬ ರಿಯಾಕ್ಟರುಗಳು ಕೆಲಸ ಆರಂಭಿಸಿದವು. ರಿಯಾಕ್ಟರಿನಲ್ಲಿಟ್ಟ ಕೋಬಾಲ್ಟ್ ಲೋಹವು ಕೋಬಾಲ್ಟ್–60 ಆಗಿ ಮಾರ್ಪಟ್ಟು ಗ್ಯಾಮಾ ಕಿರಣಗಳನ್ನು ಸೂಸುತ್ತದೆ. ಈ ಕಿರಣಗಳು ವಿಶ್ವಕಿರಣಗಳಷ್ಟು ಪ್ರಬಲವಲ್ಲ. ಆದರೂ ವಸ್ತುವಿನ ರಾಸಾಯನಿಕ ಸ್ವರೂಪವನ್ನು ಬದಲಿಸಬಲ್ಲವು.

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಕಡೆ ಚಿಮಣಿ ಎಣ್ಣೆ ಎನ್ನುವ ಸೀಮೆಎಣ್ಣೆಯನ್ನೇ ನೋಡಿರಿ. ಅದು ಇಂಗಾಲ ಮತ್ತು ಜಲಜನಕಗಳಿಂದಾದ ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಗ್ಯಾಮಾ ಕಿರಣವು ಅದನ್ನು ಹೊಕ್ಕು ಅಣುವಿನಿಂದ ಎಲೆಕ್ಟ್ರಾನೊಂದನ್ನು ಹೊರದೂಡುತ್ತದೆ. ವೇಗದಿಂದ ಧಾವಿಸುವ ಆ ಎಲೆಕ್ಟ್ರಾನ್ ಸಾವಿರಾರು ಅಣುಗಳನ್ನು ಕಲಕುತ್ತದೆ. ಬಂಧಗಳು ಮುರಿದು ಜಲಜನಕ ಅನಿಲ ಹೊರಬೀಳುತ್ತದೆ. ಉಳಿದ ತುಣುಕುಗಳು ಒಂದಕ್ಕೊಂದು ಬೆಸೆದು ದೊಡ್ಡ ಅಣುಗಳಾಗುತ್ತವೆ. ಎಲ್ಲ ಅಣುಗಳೂ ಸಮನಾಗಿ ಮುರಿಯುವುದಿಲ್ಲ. ಉಂಗುರದಾಕಾರದ ಬೆಂಜೀನ್ ಅಣು ತನಗೆ ದೊರೆತ ಶಕ್ತಿಯನ್ನು ಉಂಗುರದ ತುಂಬ ಹಂಚಿಕೊಂಡು ತಾಳಿಕೊಳ್ಳುತ್ತದೆ. ಮಿಶ್ರಣದಲ್ಲಿ ತನ್ನ ನೆರೆಯ ಅಣುಗಳನ್ನೂ ಒಂದಿಷ್ಟು ಕಾಪಾಡುತ್ತದೆ. ಇಷ್ಟಾದರೂ ಆ ದ್ರವವು ವಿಕಿರಣಶೀಲವಾಗುವುದಿಲ್ಲ. ಏಕೆಂದರೆ ಬದಲಾದುದು ಅಣುಗಳ ಬಂಧವೇ ಹೊರತು ಪರಮಾಣುವಿನ ಬೀಜವಲ್ಲ.

ಭಾಭಾ ಚಿತ್ರಕಾರರೂ ಸಂಗೀತಪ್ರಿಯರೂ ಆಗಿದ್ದರು. ಅವಿವಾಹಿತರಾಗಿಯೇ ಉಳಿದು ಬಾಳನ್ನು ವಿಜ್ಞಾನಕ್ಕೆ ಮುಡಿಪಾಗಿಟ್ಟರು. 1966ರ ಜನವರಿ 24ರಂದು ಅವರು ಪ್ರಯಾಣಿಸುತ್ತಿದ್ದ ವಿಮಾನವು ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರಕ್ಕೆ ಅಪ್ಪಳಿಸಿತು. ಆಗ ಅವರಿಗೆ 56 ವರ್ಷ. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು. 1974ರಲ್ಲಿ ಅಲ್ಲಿಯೇ ವೈದ್ಯಕೀಯ ಸಾಮಗ್ರಿಗಳನ್ನು ಗ್ಯಾಮಾ ಕಿರಣಗಳಿಂದ ಕ್ರಿಮಿರಹಿತಗೊಳಿಸುವ ಸ್ಥಾವರ ಆರಂಭವಾಯಿತು. ಪ್ರಯೋಜನವನ್ನು ಎಣಿಸದೆ ನಡೆಸಿದ ಜ್ಞಾನದ ಹುಡುಕಾಟವು ಹೀಗೆ ಜನರ ನೋವನ್ನು ನೀಗುವ ಸಾಧನವಾಯಿತು. ಅದನ್ನು ಈ ನೆಲದಲ್ಲಿಯೇ ನಡೆಸಬೇಕೆಂದು ಭಾಭಾ ಬೆಂಗಳೂರಿನಲ್ಲಿ ಕೈಗೊಂಡ ನಿರ್ಧಾರ ನಾಡಿಗೆ ದೊರೆತ ದೊಡ್ಡ ಕೊಡುಗೆ.