ಡೆಮಾಸ್ತನೀಸನ ಪಿತ್ರಾರ್ಜಿತ

ಬಾಯಲ್ಲಿ ಹರಳುಗಳನ್ನಿಟ್ಟುಕೊಂಡು ಉಚ್ಚಾರಣೆಯನ್ನು ತಿದ್ದಿಕೊಂಡನೆಂದು ಹೇಳಲಾಗುವ ಗ್ರೀಸ್ ದೇಶದ ಮಹಾವಾಗ್ಮಿ ಡೆಮಾಸ್ತನೀಸನ ಹೆಸರು ಸುಪ್ರಸಿದ್ಧವಾದುದು. ಆದರೆ ಅವನು ಮೊಟ್ಟಮೊದಲು ನ್ಯಾಯಸಭೆಯಲ್ಲಿ ನಿಂತು ಮಾತನಾಡಿದ್ದು ತನ್ನ ತಂದೆಯ ಆಸ್ತಿಯ ಲೆಕ್ಕ ಕೇಳುವುದಕ್ಕಾಗಿ ಎಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಕ್ರಿ.ಪೂ. 384ರ ಸುಮಾರಿಗೆ ಅಥೆನ್ಸ್ ನಗರದಲ್ಲಿ ಜನಿಸಿದ ಇವನಿಗೆ ಏಳು ವರ್ಷ, ತಂಗಿಗೆ ಐದು ವರ್ಷವಾಗಿದ್ದಾಗ ತಂದೆಯು ಕಾಲವಶನಾದನು. ಮರಣಶಯ್ಯೆಯಲ್ಲಿದ್ದ ಆತನು ಸೋದರಿಯ ಮಗ ಅಫೋಬಸ್, ಸೋದರನ ಮಗ ಡೆಮೊಫೋನ್, ಬಾಲ್ಯಸ್ನೇಹಿತ ಥೆರಿಪ್ಪಿಡೀಸ್ ಈ ಮೂವರನ್ನು ಬಳಿಗೆ ಕರೆದು, ಬಾಲಕನನ್ನು ಅಫೋಬಸನ ತೊಡೆಯ ಮೇಲೆ ಕುಳ್ಳಿರಿಸಿ, ಮಕ್ಕಳಿಬ್ಬರನ್ನೂ ಠೇವಣಿಯಂತೆ ಅವರ ಕೈಗೆ ಒಪ್ಪಿಸಿದನು.

ಬಿಟ್ಟುಹೋದ ಆಸ್ತಿ ಸಾಮಾನ್ಯವಾದುದಲ್ಲ. ಚೂರಿ ಕತ್ತಿಗಳ ಕಾರ್ಖಾನೆಯಿಂದ ಖರ್ಚು ಕಳೆದು ವರ್ಷಕ್ಕೆ 30 ಮಿನಾ, ಮಂಚ ಮಾಡುವ ಕಾರ್ಖಾನೆಯಿಂದ 12 ಮಿನಾ ಆದಾಯವಿತ್ತು. ದುಡಿಯುತ್ತಿದ್ದವರು ದಾಸರು, ಮನುಷ್ಯರನ್ನೂ ಸರಕಿನೊಡನೆ ಪಟ್ಟಿಗೆ ಸೇರಿಸುತ್ತಿದ್ದ ಕಾಲವದು. ಸಾಲಕ್ಕೆ ಕೊಟ್ಟ ಒಂದು ಟ್ಯಾಲೆಂಟಿಗೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ ಬರುತ್ತಿತ್ತು. ಹಡಗಿನ ವ್ಯಾಪಾರಕ್ಕೆ ತೊಡಗಿಸಿದ 70 ಮಿನಾ, ದಾಸ್ತಾನಿನಲ್ಲಿದ್ದ ದಂತ, ಕಬ್ಬಿಣ, ಮರ, ತಾಮ್ರ, ಮನೆ, ಒಡವೆ ಎಲ್ಲವೂ ಸೇರಿ ಸುಮಾರು 14 ಟ್ಯಾಲೆಂಟ್. 60 ಮಿನಾಕ್ಕೆ ಒಂದು ಟ್ಯಾಲೆಂಟ್.

ಅಫೋಬಸನು ವಿಧವೆಯನ್ನು ವಿವಾಹವಾಗಬೇಕೆಂದು 80 ಮಿನಾ, ಡೆಮೊಫೋನನು ಹುಡುಗಿ ಪ್ರಾಪ್ತವಯಸ್ಕಳಾದ ಮೇಲೆ ಅವಳ ಕೈಹಿಡಿಯಬೇಕೆಂದು 2 ಟ್ಯಾಲೆಂಟ್ ಗೊತ್ತಾಗಿತ್ತು. ಹಣ ಕೈಸೇರಿತು, ವಿವಾಹಗಳು ನಡೆಯಲಿಲ್ಲ. ಬಾಲಕನ ಗುರುಗಳಿಗೆ ಸಲ್ಲಬೇಕಾದ ವೇತನವೂ ಬಾಕಿ ಉಳಿಯಿತು. ಹತ್ತು ವರ್ಷಗಳ ಪಾಲನೆ ಮುಗಿದಾಗ ಹುಡುಗನ ಕೈಗೆ ಬಂದದ್ದು ಮನೆ, 14 ಮಂದಿ ದಾಸರು, 30 ಮಿನಾ ಬೆಳ್ಳಿ. ಒಟ್ಟು ಬೆಲೆ 70 ಮಿನಾ, ಎಂದರೆ ಹನ್ನೆರಡರಲ್ಲಿ ಒಂದು ಪಾಲು. ದಂತ ಕಬ್ಬಿಣಗಳ ಸುದ್ದಿಯೇ ಲೆಕ್ಕದಲ್ಲಿರಲಿಲ್ಲ. ಮೃತ್ಯುಪತ್ರವನ್ನು ಪಾಲಕರು ಕೊನೆಯವರೆಗೂ ಹೊರಗೆ ತೆಗೆಯಲಿಲ್ಲ.

ಮೂಲಪತ್ರವಿಲ್ಲದೆ ಆಸ್ತಿಯನ್ನು ರುಜುವಾತು ಮಾಡುವುದೆಂತು? ದಾಯಭಾಗದ ವ್ಯಾಜ್ಯಗಳಲ್ಲಿ ನಿಷ್ಣಾತನಾದ ಐಸೀಯಸನಲ್ಲಿ ಶಿಕ್ಷಣ ಪಡೆದಿದ್ದ ಯುವಕನು ಪಾಲಕರ ಕೈಬರಹಕ್ಕೇ ಕೈಹಾಕಿದನು. ಯುದ್ಧದ ತೆರಿಗೆಗಾಗಿ ಅವರೇ ಬಾಲಕನ ಹೆಸರಿನಲ್ಲಿ 25 ಮಿನಾಕ್ಕೆ 5 ಮಿನಾದಂತೆ ದಾಖಲೆ ಮಾಡಿಸಿದ್ದರು. ಅದು 15 ಟ್ಯಾಲೆಂಟ್ ಆಸ್ತಿಯುಳ್ಳ ಅತಿ ಶ್ರೀಮಂತರ ದರ. ಸರ್ಕಾರಕ್ಕೆ ಒಂದು ಮೊತ್ತ, ವಾರಸುದಾರನಿಗೆ ಇನ್ನೊಂದು ಮೊತ್ತ! ವ್ಯಾಪಾರ ಬಲ್ಲವರಿಗೆ ಈ ಒಂದು ಸಾಲೇ ಸಾಕು. ಇದಲ್ಲದೆ ಬೇರೊಬ್ಬ ಅನಾಥನ 3½ ಟ್ಯಾಲೆಂಟ್ ಆಸ್ತಿಯು ಕ್ರಮವಾಗಿ ಗುತ್ತಿಗೆಗೆ ಕೊಟ್ಟುದರಿಂದ ಆರು ವರ್ಷಗಳಲ್ಲಿ 6 ಟ್ಯಾಲೆಂಟಿಗೆ ಬೆಳೆದ ನಿದರ್ಶನವನ್ನೂ ಅವನು ಸಭೆಯ ಮುಂದಿಟ್ಟನು.

ಕ್ರಿ.ಪೂ. 364ರ ಸುಮಾರಿಗೆ ತೀರ್ಪು ಅವನ ಪರವಾಗಿ ಬಂದು, ಅಫೋಬಸನು 10 ಟ್ಯಾಲೆಂಟ್ ತೆರಬೇಕಾಯಿತು. ತೀರ್ಪು ಸಿಕ್ಕರೂ ಹಣ ಸಿಗುವುದು ಬೇರೆಯ ಮಾತು. ಜಪ್ತಿಗೆ ಹೋದ ಜಮೀನು ತನ್ನ ತಂಗಿಯ ಸ್ತ್ರೀಧನಕ್ಕೆ ಆಧಾರವಾಗಿದೆಯೆಂದು ಅಫೋಬಸನ ಭಾವಮೈದುನ ಒನೆಟರ್ ಅಡ್ಡ ಬಂದನು. ಮತ್ತೆ ವ್ಯಾಜ್ಯ ನಡೆಯಿತು. ಕಡೆಗೆ ಪಿತ್ರಾರ್ಜಿತದ ಅಲ್ಪಭಾಗವನ್ನೂ ಅವನು ವಸೂಲು ಮಾಡಲಾರದೆ ಹೋದನೆಂದು ಚರಿತ್ರಕಾರ ಪ್ಲೂಟಾರ್ಕನು ತಿಳಿಸುತ್ತಾನೆ.

ಆ ಬಳಿಕ ಅವನು ಪರರ ವ್ಯಾಜ್ಯಗಳಿಗೆ ಭಾಷಣ ಬರೆದುಕೊಟ್ಟು ಜೀವಿಸಿದನು. ಮುಂದೆ ಮೆಸಿಡೋನಿಯದ ಅರಸ ಫಿಲಿಪ್ಪನ ವಿರುದ್ಧ ಅಥೆನ್ಸಿನ ಧ್ವನಿಯಾಗಿ, ಕ್ರಿ.ಪೂ. 322ರಲ್ಲಿ ಕಲೌರಿಯ ದ್ವೀಪದಲ್ಲಿ ಶತ್ರುಗಳ ವಶವಾಗಲೊಲ್ಲದೆ ವಿಷ ಸೇವಿಸಿ ಪ್ರಾಣಬಿಟ್ಟನು. ಪಾಲಕರ ಮೇಲೆ ಹೂಡಿದ ವ್ಯಾಜ್ಯದ ಭಾಷಣಗಳು ಇಂದಿಗೂ ಉಳಿದಿವೆ; ತಂದೆಯ ದಂತ, ಕಬ್ಬಿಣ, ಮಂಚಗಳ ಲೆಕ್ಕವೆಲ್ಲ ಅವುಗಳಲ್ಲಿ ಹಾಗೆಯೇ ಇದೆ.